ಹದಿನೇಳೂವರೆ ನಿಮಿಷಕ್ಕೆ ನಿಲ್ಲುತ್ತಿದ್ದ ರೆಕಾರ್ಡಿಂಗ್

ವಿಜಯಪುರದಾಗ ಮಾಳಿಗೆ ಮೇಲೆ ಸೂರ್ಯನ ರೇಡಿಯೊ ಅಲೆ ಹಿಡಿಯಲು ಎರಡು ಆಂಟೆನಾ, ಒಂದೇ 28.8 ಮೆಗಾಹರ್ಟ್ಸ್ ಕ್ಲಾಕಿನ ಎರಡು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ರಿಸೀವರ್). ಸುಮಾರು ಹದಿನೇಳೂವರೆ ನಿಮಿಷಕ್ಕೆ ‘ಶಾರ್ಟ್ ರೈಟ್, ಸ್ಯಾಂಪಲ್ಸ್ ಲಾಸ್ಟ್’ (ಪೂರ್ತಿ ಬರೆಯಲಾಗಲಿಲ್ಲ, ಸ್ಯಾಂಪಲ್ ಕಳೆದವು) ಎಂದು ರೆಕಾರ್ಡಿಂಗ್ ನಿಲ್ಲುತ್ತಿತ್ತು.

ಯುಎಸ್‌ಬಿ ಕೇಬಲ್, ಪವರ್ ಹಬ್, ಫ್ಯಾನ್ (ಇಲ್ಲಿಯ ಬಿಸಿಲಿಗೆ ಮೊದಲ ಅನುಮಾನ ಅದೇ) ಯಾವುದೂ ಕೆಲಸಕ್ಕೆ ಬರಲಿಲ್ಲ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸಿಗ್ನಲ್ಲಿನ ಎಷ್ಟು ಅಳತೆ) ಅರ್ಧಕ್ಕಿಳಿಸಿದರೆ ಸಮಯ ದುಪ್ಪಟ್ಟಾಗುತ್ತಿತ್ತು. ಅಂದರೆ ತಡೆ ಫೈಲ್ ಗಾತ್ರದ್ದು: ಸೆಕೆಂಡಿಗೆ 20.48 ಲಕ್ಷ ಸ್ಯಾಂಪಲ್, ತಲಾ 2 ಬೈಟ್. ಫ್ಯಾಟ್32 ಎಂಬ ಹಳೇ ಫೈಲ್ ವ್ಯವಸ್ಥೆಯ ಡಿಸ್ಕಿನಲ್ಲಿ ಒಂದು ಫೈಲಿಗೆ ಇರುವ 4 ಜಿಬಿ ಮಿತಿ ಅಷ್ಟರೊಳಗೆ ಮುಗಿಯುತ್ತದೆ.

ಹಳೇ ಡೇಟಾ ಬೇರೆಡೆ ತೆಗೆದಿಟ್ಟು ಡಿಸ್ಕನ್ನು ಇಎಕ್ಸ್‌ಟಿ4ಗೆ (ಈ ಮಿತಿ ಇಲ್ಲದ ಲಿನಕ್ಸ್ ಫೈಲ್ ವ್ಯವಸ್ಥೆ) ಫಾರ್ಮ್ಯಾಟ್ ಮಾಡಿ. ಫೈಲ್ ತುಂಡು ಮಾಡಲು ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಬೇಡಿ. ಎರಡು ಡಾಂಗಲ್‌ಗಳ ಸ್ಯಾಂಪಲ್ ಹೊಂದಾಣಿಕೆ ತಪ್ಪಿ, ಪ್ರತಿ ತುಂಡಿಗೂ ಅವೆರಡರ ನಡುವಿನ ವಿಳಂಬವನ್ನು ಹೊಸದಾಗಿ ಹುಡುಕಬೇಕಾಗುತ್ತದೆ. ಬದಲಿಗೆ, ರೆಕಾರ್ಡಿಂಗ್ ಕಮಾಂಡಿನಲ್ಲಿ ಔಟ್‌ಪುಟ್ ಫೈಲ್ ಹೆಸರಿನ ಜಾಗದಲ್ಲಿ ‘-’ ಕೊಟ್ಟು, ಫೈಲ್ ತುಂಡು ಮಾಡುವ ಸ್ಪ್ಲಿಟ್ ಕಮಾಂಡಿಗೆ ಪೈಪ್ ಮಾಡಿ (ಡೇಟಾ ನೇರವಾಗಿ ಅದಕ್ಕೇ ಹರಿಸಿ). ತುಂಡಿನ ಗಾತ್ರ 245760000 ಬೈಟ್, ಸರಿಯಾಗಿ 60 ಸೆಕೆಂಡು. ಆರಂಭದ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯ ಫೈಲ್ ಹೆಸರಲ್ಲೇ ಇರಲಿ.