1996ರ ಶೇ 76, 2021ರ ಶೇ 97: ಯಾವುದು ಜಾಸ್ತಿ?

ಹೈಸ್ಕೂಲಿನ ಸುವರ್ಣ ಮಹೋತ್ಸವ ಅಂದರೆ ಒಂದು ಸನ್ಮಾನ ಇದ್ದೇ ಇರುತ್ತದೆ: ಶಾಲೆ ಶುರುವಾದಾಗಿನಿಂದ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲರಿಗಿಂತ ಮುಂದೆ ಬಂದವರಿಗೆ. ಬೆಳಗಾವಿ, ಬಾಗಲಕೋಟೆ ಕಡೆಯ ಸಮಿತಿಗಳು ಇದನ್ನು ಆರಿಸುವ ರೀತಿ ನೋಡಿ ನನಗೆ ಬೇಸರವಾಗಿದೆ. ಎಲ್ಲರ ಶೇಕಡಾವಾರು ಎಕ್ಸೆಲ್‌ಗೆ ಹಾಕುತ್ತಾರೆ, ದೊಡ್ಡದರಿಂದ ಸಣ್ಣದಕ್ಕೆ ಜೋಡಿಸುತ್ತಾರೆ, ಮೇಲಿನ ಹೆಸರುಗಳನ್ನು ಫಲಕಕ್ಕೆ ಬರೆಸುತ್ತಾರೆ. ಆ ಹೆಸರುಗಳು ಹೆಚ್ಚಾಗಿ 2021, 2022ರ ಬ್ಯಾಚಿನವೇ. ಆಗ ಹಿರಿಯರೊಬ್ಬರು ಎದ್ದು, "ನಮ್ಮ ಕಾಲದಾಗಿನ ಅರವತ್ತು ಅಂದ್ರ ಈಗಿನ ತೊಂಬತ್ತು ಇದ್ದಂಗ" ಅನ್ನುತ್ತಾರೆ. ಆ ಲೆಕ್ಕಕ್ಕೂ ಆಧಾರ ಇಲ್ಲ.

ರಾಜ್ಯದ ಫಲಿತಾಂಶವನ್ನೇ ನೋಡಿ. 625ಕ್ಕೆ 625 ಪಡೆದವರು 2019ರಲ್ಲಿ 2, 2020ರಲ್ಲಿ 6, 2021ರಲ್ಲಿ 157, 2022ರಲ್ಲಿ 145, 2023ರಲ್ಲಿ 4. 2024ರಲ್ಲಿ ಒಬ್ಬಳೇ, ಅದೂ ನಮ್ಮ ಮುಧೋಳ ತಾಲ್ಲೂಕಿನ ವಸತಿ ಶಾಲೆಯ ಹುಡುಗಿ. 2025ರಲ್ಲಿ ಮತ್ತೆ 22. ಮಕ್ಕಳ ಬುದ್ಧಿ ವರ್ಷದಿಂದ ವರ್ಷಕ್ಕೆ ಹೀಗೆ ಏರಿ ಇಳಿಯುವುದಿಲ್ಲ ಅಲ್ವಾ? ಬದಲಾದದ್ದು ಪರೀಕ್ಷೆ. 2021ರಲ್ಲಿ ಕೋವಿಡ್ ಕಾರಣಕ್ಕೆ ಆರೂ ವಿಷಯ ಎರಡೇ ದಿನದಲ್ಲಿ ಮುಗಿದವು, ಎಲ್ಲ ಬಹು ಆಯ್ಕೆ ಪ್ರಶ್ನೆ, ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆ. 2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹೀಗಾಗಿ ಅಂಕವನ್ನು ಅದೇ ವರ್ಷದ ಉಳಿದ ಮಕ್ಕಳ ಪಕ್ಕದಲ್ಲಿಟ್ಟು ನೋಡಬೇಕು. ಬೇರೆ ದಾರಿ ಇಲ್ಲ.

ಹಂತ 1. ಮಾರ್ಕ್ಸ್ ಕಾರ್ಡಿನ ನಕಲು ತರಿಸಿ. ಬಾಯಿಮಾತಿನ ಶೇಕಡಾವಾರು ಬೇಡ.

ಹಂತ 2. ಒಳಗಿನ ಅಂಕ, ಬೇರೆ ಬೋರ್ಡು. ಈಗಿನ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 100 ಲಿಖಿತ, 25 ಆಂತರಿಕ. ಉಳಿದ ಐದು ವಿಷಯಕ್ಕೆ ತಲಾ 80 ಮತ್ತು 20. ಅಂದರೆ 625ರಲ್ಲಿ 125 ಅಂಕ ಶಾಲೆಯ ಕೈಯಲ್ಲೇ ಇದೆ. ಈ ಪದ್ಧತಿ ಇಲ್ಲದ ಕಾಲದವರ ಜೊತೆ ಹೋಲಿಸುವಾಗ ಆಂತರಿಕ ಅಂಕ ಬಿಟ್ಟು, 500ಕ್ಕೆ ಬಂದ ಲಿಖಿತ ಅಂಕ ಮಾತ್ರ ತೆಗೆದುಕೊಳ್ಳಿ.

ವಿದ್ಯಾರ್ಥಿವೇತನದಂಥ ಆಯ್ಕೆಯಲ್ಲಿ ಬೇರೆ ಬೋರ್ಡಿನ ಮಕ್ಕಳೂ ಬರುತ್ತಾರೆ. ನಮ್ಮ ಗಡಿ ಊರುಗಳಲ್ಲಿ ಮಹಾರಾಷ್ಟ್ರ ಬೋರ್ಡಿನವರು ಇದ್ದೇ ಇರುತ್ತಾರೆ. ಅಲ್ಲಿ ಚೆನ್ನಾಗಿ ಬಂದ ಐದು ವಿಷಯಗಳ ಮೇಲೆ ಶೇಕಡಾವಾರು ತೆಗೆಯುತ್ತಾರೆ, ಕಡಿಮೆ ಬಂದ ಒಂದು ವಿಷಯ ಲೆಕ್ಕಕ್ಕೇ ಇಲ್ಲ. ನಮ್ಮಲ್ಲಿ ಆರೂ ಸೇರುತ್ತವೆ. ಅವರ ಆರೂ ವಿಷಯ ಕೂಡಿ.

ಮೊಬೈಲ್‌ನಲ್ಲಿ ಸಿಗುವ ಸಿಜಿಪಿಎಯನ್ನು (ಎಲ್ಲ ವಿಷಯದ ಗ್ರೇಡ್ ಪಾಯಿಂಟುಗಳ ಸರಾಸರಿ, 10ಕ್ಕೆ) ಶೇಕಡಾವಾರಿಗೆ ಬದಲಿಸುವ ಕನ್ವರ್ಟರ್ ಆ್ಯಪ್‌ಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. 2017ರವರೆಗಿನ ಸಿಬಿಎಸ್‌ಇ ಹತ್ತನೆಯ ತರಗತಿಯವರ ಸಿಜಿಪಿಎಯನ್ನು 9.5ರಿಂದ ಗುಣಿಸುತ್ತಿದ್ದರು. ಎಲ್ಲದರಲ್ಲೂ 91 ಬಂದವನಿಗೂ ಎಲ್ಲದರಲ್ಲೂ 99 ಬಂದವಳಿಗೂ ಸಿಜಿಪಿಎ 10, ಶೇಕಡಾವಾರು 95. ಬೆಳಗಾವಿಯ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುವಿನ 2015ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕು. ಒಂದರ ಸೂತ್ರ ಇನ್ನೊಂದಕ್ಕೆ ನಡೆಯುವುದಿಲ್ಲ.

ಹಂತ 3. ಬ್ಯಾಚಿನೊಳಗಿನ ಸ್ಥಾನ. ಜನ ಎಡವುವುದು ಇಲ್ಲೇ. ನಿಧಾನವಾಗಿ ಮಾಡಿ.

ಆ ವರ್ಷ ಪರೀಕ್ಷೆಗೆ ಕೂತ ಎಲ್ಲರ ಅಂಕ ಬೇಕು. ನಪಾಸಾದವರದೂ ಬೇಕು, ಅವರನ್ನು ಬಿಟ್ಟರೆ ಸರಾಸರಿ ಸುಮ್ನೆ ಮೇಲೇರುತ್ತದೆ. ಮುಖ್ಯೋಪಾಧ್ಯಾಯರನ್ನು ಕೇಳಿ ಶಾಲೆಯ ಹಳೆಯ ಫಲಿತಾಂಶ ಪಟ್ಟಿ ತೆಗೆಸಿ. ಹೆಸರು ಬರೆದುಕೊಳ್ಳಬೇಡಿ, ಅಂಕ ಸಾಕು. ಮುಂದೆ ಅಭ್ಯರ್ಥಿಗಿಂತ ಕೆಳಗೆ ಎಷ್ಟು ಜನ ಇದ್ದಾರೆ ಎಣಿಸಿ. ಅದಕ್ಕೆ ಅರ್ಧ ಕೂಡಿ, ಒಟ್ಟು ಮಕ್ಕಳಿಂದ ಭಾಗಿಸಿ, 100ರಿಂದ ಗುಣಿಸಿ. ಇದೇ ಪರ್ಸೆಂಟೈಲ್, ಅಂದರೆ ನೂರು ಮಕ್ಕಳಲ್ಲಿ ಸುಮಾರು ಎಷ್ಟು ಜನ ಅಭ್ಯರ್ಥಿಗಿಂತ ಕೆಳಗಿದ್ದಾರೆ ಎಂಬ ಲೆಕ್ಕ. ಅಷ್ಟೇ ಅಂಕದವರು ಬೇರೆ ಇದ್ದರೆ ಅವರಿಗೂ ತಲಾ ಅರ್ಧ ಕೂಡಬೇಕು.

1996ರ ಹುಡುಗಿಗೆ 76 ಬಂದು 60 ಮಕ್ಕಳಲ್ಲಿ ಮೊದಲ ಸ್ಥಾನ ಅಂದುಕೊಳ್ಳಿ. 59.5 ಭಾಗಿಸು 60, ಅಂದರೆ 99.2. 2021ರ ಹುಡುಗನಿಗೆ 97 ಬಂದು 80 ಮಕ್ಕಳಲ್ಲಿ ಮೂರನೆಯ ಸ್ಥಾನ. 77.5 ಭಾಗಿಸು 80, ಅಂದರೆ 96.9. ಹುಡುಗಿಯೇ ಮುಂದೆ.

ಸಣ್ಣ ಶಾಲೆಗೆ ಇದರಲ್ಲಿ ಅನ್ಯಾಯ ಆಗುತ್ತದೆ. 18 ಮಕ್ಕಳಲ್ಲಿ ಮೊದಲು ಬಂದರೂ 97.2ರ ಮೇಲೆ ಹೋಗಲು ಸಾಧ್ಯವೇ ಇಲ್ಲ. ಅಂಥಲ್ಲಿ ಒಂದೇ ಪದ್ಧತಿಯ ಅಕ್ಕಪಕ್ಕದ ಎರಡು ಮೂರು ವರ್ಷ ಕೂಡಿಸಿ ಒಂದು ಗುಂಪು ಮಾಡಿ. ಆದರೆ ಪರೀಕ್ಷೆಯ ಪದ್ಧತಿ ಬದಲಾದ ಗಡಿ ದಾಟಬೇಡಿ: 2020ನ್ನು 2021ರ ಜೊತೆ ಸೇರಿಸಲೇಬಾರದು.

ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವರು ಸಮಿತಿಯಲ್ಲಿದ್ದರೆ ಝಡ್ ಸ್ಕೋರ್ ಹಾಕೋಣ ಅನ್ನುತ್ತಾರೆ: ಸರಾಸರಿಗಿಂತ ಎಷ್ಟು ಜಾಸ್ತಿ ಎಂದು ನೋಡಿ, ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸುವುದು. 1996ರ ಸರಾಸರಿ 52, ಡೀವಿಯೇಷನ್ 9 ಇದ್ದರೆ ಹುಡುಗಿಗೆ 2.67. 2021ರ ಸರಾಸರಿ 84, ಡೀವಿಯೇಷನ್ 7 ಇದ್ದರೆ ಹುಡುಗನಿಗೆ 1.86. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಹುಡುಗ ನೂರಕ್ಕೆ ನೂರು ತೆಗೆದರೂ 2.29 ದಾಟುವುದಿಲ್ಲ. ಪ್ರಶ್ನೆಪತ್ರಿಕೆ ಸುಲಭವಾದದ್ದು ಅವನ ತಪ್ಪಲ್ಲ. ಅಂಕಗಳೆಲ್ಲ ನೂರರ ಹತ್ತಿರ ಗುಂಪುಗೂಡಿದ ವರ್ಷಗಳಿಗೆ ಝಡ್ ಸ್ಕೋರ್ ಬೇಡವೇ ಬೇಡ. ನನ್ನ ಸಲಹೆ ಎಲ್ಲ ವರ್ಷಕ್ಕೂ ಪರ್ಸೆಂಟೈಲೇ.

ಉತ್ತೀರ್ಣರ ಪ್ರಮಾಣ ನೋಡಿ ಪರೀಕ್ಷೆ ಸುಲಭವೋ ಕಠಿಣವೋ ಹೇಳುವುದೂ ತಪ್ಪು. 2024ರಲ್ಲಿ ರಾಜ್ಯದ ಫಲಿತಾಂಶ 73.40. ಅದರಲ್ಲಿ ಕೃಪಾಂಕದಿಂದ ಪಾಸಾದವರು ಬಹಳ ಜನ, ಆ ವರ್ಷ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ್ದರು. ಅದು ಕೆಳಗಿನವರನ್ನು ಎತ್ತಿತು, ಮೇಲಿನವರ ಅಂಕ ಇದ್ದಲ್ಲೇ ಇತ್ತು. ಅದೇ ವರ್ಷದಿಂದ ಒಂದೇ ವರ್ಷದಲ್ಲಿ ಮೂರು ಬಾರಿ ಬರೆಯಬಹುದಾದ ಪರೀಕ್ಷೆ 1, 2, 3 ಬಂದು, ಉತ್ತಮ ಅಂಕ ಉಳಿಸಿಕೊಳ್ಳುವ ಅವಕಾಶ ಸಿಕ್ಕಿತು. ಹೋಲಿಕೆಗೆ ಎಲ್ಲರದೂ ಪರೀಕ್ಷೆ 1ರ ಅಂಕವೇ ಇರಲಿ.

ಹಂತ 4. ಪಾಯಿಂಟಿನ ನಂತರದ ಅಂಕಿಗೆ ಜಗಳ ಬೇಡ. 99.2 ಮತ್ತು 98.9ರ ನಡುವೆ ನಿಜವಾದ ವ್ಯತ್ಯಾಸ ಇಲ್ಲ. 98ರ ಮೇಲಿನವರೆಲ್ಲ ಒಂದೇ ಸಾಲು. ಹತ್ತು ಜನ ಬಂದರೆ ಹತ್ತೂ ಜನರಿಗೆ ಶಾಲು ಹೊದಿಸಿ.

ಹಂತ 5. ಈ ನಿಯಮವನ್ನು ಅರ್ಜಿ ತೆರೆಯುವ ಮೊದಲೇ ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಹೆಸರು ನೋಡಿದ ಮೇಲೆ ನಿಯಮ ಬದಲಿಸಿದರೆ ಊರಲ್ಲಿ ಯಾರೂ ಒಪ್ಪುವುದಿಲ್ಲ. ಫಲಕದಲ್ಲಿ ಶೇಕಡಾವಾರು ಒಂದನ್ನೇ ಕೆತ್ತಿಸಬೇಡಿ. ಹೆಸರು, ವರ್ಷ, ಅಂಕ, ಜೊತೆಗೆ "60 ಮಕ್ಕಳಲ್ಲಿ ಮೊದಲ ಸ್ಥಾನ" ಎಂದೂ ಇರಲಿ.