ಗುಪ್ತಪೆಟ್ಟು ಬಿದ್ದಾಗ ನಾನು ಮಾಡಿಕೊಂಡ ಮದ್ದು

ಹೋದ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ, ಪಾಚಿಗಟ್ಟಿದ ನೆಲದ ಮೇಲೆ ಸ್ಕೂಟರಿಗೆ ಡಬಲ್ ಸ್ಟ್ಯಾಂಡ್ ಹಾಕಲು ಹೋಗಿ ಕಾಲು ಜಾರಿತು. ಗಾಡಿ ಸೀದಾ ನನ್ನ ಎಡಗಾಲಿನ ಮೇಲೆ ಬಿತ್ತು. ಚರ್ಮ ಹರಿದಿರಲಿಲ್ಲ, ಒಂದು ಹನಿ ರಕ್ತ ಬಂದಿರಲಿಲ್ಲ. ವಾಚ್‌ಮನ್ ಗಾಡಿ ಎತ್ತಿದ, ನಾನು ನಡೆದುಕೊಂಡೇ ಮನೆಗೆ ಬಂದೆ. ಕೂತು ನೋಡಿದರೆ ಮೊಣಕಾಲಿನ ಕೆಳಗೆ ಅಂಗೈಯಗಲ ಜಾಗ ಕೆಂಪಾಗಿ ಬಾಯುತ್ತಿತ್ತು. ನಮ್ಮ ಜಮಖಂಡಿ ಕಡೆ ಇದಕ್ಕೆ ಗುಪ್ತಪೆಟ್ಟು ಅಂತಾರೆ. ಇಲ್ಲಿ ಪುಣೆಯ ಮರಾಠಿಯವರು ‘ಮುಕಾ ಮಾರ್’ ಅನ್ನುತ್ತಾರೆ, ಅಂದರೆ ಮೂಕ ಏಟು. ಹೆಸರಿಗೆ ಮೂಕ, ರಾತ್ರಿಯಿಡೀ ಮಲಗಗೊಡಲಿಲ್ಲ.

ಮಲಗಗೊಡದಿರಲು ನನ್ನ ಬುದ್ಧಿವಂತಿಕೆಯೂ ಕಾರಣ. ಬಂದವಳೇ ನೋವಿನ ಬಾಮ್ ಹಚ್ಚಿ ಗಸಗಸ ತಿಕ್ಕಿದೆ, ಮೇಲೆ ಬಿಸಿನೀರಿನ ಚೀಲ ಇಟ್ಟೆ. ಸಂಜೆ ಹೊತ್ತಿಗೆ ಬಾವು ಎರಡರಷ್ಟಾಯಿತು. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಒಳಗೇ ಸೋರುತ್ತಿರುವಾಗ ತಿಕ್ಕಿದರೆ, ಕಾಸಿದರೆ ಇನ್ನಷ್ಟು ಸೋರುತ್ತದೆ, ಬೇರೇನಾದೀತು? ಶಾಲೆಯಲ್ಲಿ ಕಬಡ್ಡಿ ಆಡುವ ಮಗ ಬಂದವನೇ ಬೈದ. “ಅವ್ವಾ, ಮೊದಲ ಐಸ್ ಇಡಬೇಕು. ನಮ್ಮ ಸರ್ ಮುಟ್ಟಾಕೂ ಬಿಡೂದಿಲ್ಲ, ನೀ ತಿಕ್ಕಾಕತ್ತೀಯಲ್ಲ!” ಫ್ರೀಜರಿನ ಬಟಾಣಿ ಪೊಟ್ಟಣವನ್ನು ಒಂದು ಟವೆಲಿನಲ್ಲಿ ಸುತ್ತಿ ಅವನೇ ಇಟ್ಟ. ಐಸ್ ತುಂಡಿಗಿಂತ ಇದು ಸುಖ, ಕಾಲಿನ ಆಕಾರಕ್ಕೆ ಹೊಂದಿಕೊಂಡು ಕೂರುತ್ತದೆ. ಬಟ್ಟೆಯಿಲ್ಲದೆ ಬರೀ ಚರ್ಮಕ್ಕೆ ಇಡಬಾರದು, ಶೀತಕ್ಕೂ ಚರ್ಮ ಸುಡುತ್ತದೆ. ಸಲಕ್ಕೆ 15 ನಿಮಿಷ, ಆಮೇಲೆ ಎರಡು ತಾಸು ಬಿಡುವು, ಕಾಲ ಕೆಳಗೆ ಎರಡು ದಿಂಬು. ಎರಡು ದಿನ ಇಷ್ಟೇ ಮಾಡಿದೆ. ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಒಂದು ಗೆರೆಯನ್ನೂ ಎಳೆದುಕೊಂಡೆ, ಹಬ್ಬುತ್ತಿದೆಯೋ ನಿಂತಿದೆಯೋ ತಿಳಿಯಲಿ ಅಂತ. ಮರುದಿನ ಸಂಜೆಗೆ ಗೆರೆ ದಾಟುವುದು ನಿಂತಿತು.

ಮೂರನೇ ದಿನ ಊರಿನಿಂದ ಅವ್ವನ ಫೋನು. “ಅರಿಶಿಣ ಸುಣ್ಣ ಕಲಸಿ ಹಚ್ಚವಾ, ಒಂದ ರಾತ್ರ್ಯಾಗ ಇಳೀತೈತಿ.” ಎಲೆಯಡಿಕೆ ಡಬ್ಬಿಯಿಂದ ಶೇಂಗಾ ಕಾಳಿನಷ್ಟು ಸುಣ್ಣ ತೆಗೆದು ಅರಿಶಿಣಕ್ಕೆ ಬೆರೆಸಿದೆ. ಹಳದಿ ಕಣ್ಣೆದುರೇ ರಕ್ತಗೆಂಪಾಯಿತು, ಕುಂಕುಮ ಮಾಡುವಾಗ ಆಗುವಂತೆ. ಹಚ್ಚಿ ಬಟ್ಟೆ ಕಟ್ಟಿ ಮಲಗಿದೆ. ನಡುರಾತ್ರಿ ಉರಿಗೆ ಎಚ್ಚರಾಗಿ ನಲ್ಲಿಯ ಕೆಳಗೆ ಕಾಲು ಹಿಡಿದು ತೊಳೆದರೆ ಸಾಸಿವೆ ಕಾಳಿನಂಥ ನಾಲ್ಕು ಗುಳ್ಳೆ ಎದ್ದಿದ್ದವು. ಸುಣ್ಣ ಕ್ಷಾರ, ಚರ್ಮ ಸುಡುವುದೇ ಅದರ ಗುಣ. ಅವ್ವ ಹಾಕುತ್ತಿದ್ದದ್ದು ಉಗುರಿನ ತುದಿಯಷ್ಟಂತೆ, ಹಚ್ಚಿ ಒಣಗಿದ ಕೂಡಲೇ ತೊಳೆಯುತ್ತಿದ್ದಳಂತೆ. ಅದನ್ನು ಹೇಳಿದ್ದು ಮರುದಿನದ ಫೋನಿನಲ್ಲಿ! ಅಳತೆ ಹೇಳದ ಮನೆಮದ್ದನ್ನು ನಾನು ಅವತ್ತಿನಿಂದ ಬಿಟ್ಟೆ. ಸುಣ್ಣವನ್ನಂತೂ ಪೂರ್ತಿ ಬಿಟ್ಟೆ.

ಗುಳ್ಳೆ ಒಣಗಲು ಎರಡು ದಿನ ಬೇಕಾಯಿತು. ಅದು ಒಣಗಿದ ಮೇಲೆ ಎದುರು ಮನೆಯ ಕಾಕು ಒಂದು ಕಾಗದದ ಪೊಟ್ಟಣ ಮತ್ತು ತಮ್ಮ ಸಾಣೆಕಲ್ಲು ತಂದುಕೊಟ್ಟರು. ಪೊಟ್ಟಣದಲ್ಲಿ ಆಂಬೆಹಳದದ ಒಣಗಿದ ಗಡ್ಡೆ, ಒಂದು ರಕ್ತಚಂದನದ ತುಂಡು. ಆಂಬೆಹಳದ ಅಂದರೆ ನಮ್ಮ ಮಾವಿನಶುಂಠಿ. ಹಸಿಯದನ್ನು ಉಪ್ಪಿನಕಾಯಿ ಹಾಕಿ ತಿಂದಿದ್ದೆ, ಒಣಗಿದ್ದನ್ನು ಏಟಿಗೆ ಹಚ್ಚುತ್ತಾರೆಂದು ಗೊತ್ತಿರಲಿಲ್ಲ. ಇಲ್ಲಿಯ ಗಿಡಮೂಲಿಕೆ ಮಾರುವ ಕಾಷ್ಠೌಷಧಿ ಅಂಗಡಿಗಳಲ್ಲಿ ‘ಮುಕಾ ಮಾರ್ ಲಾಗಲಾಯ್’ (ಮೂಕ ಏಟು ಬಿದ್ದಿದೆ) ಅಂದರೆ ಸಾಕು, ಕೇಳದೆಯೇ ಇದನ್ನು ಕಟ್ಟಿಕೊಡುತ್ತಾರೆ. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಗಡ್ಡೆಯನ್ನು ಸುತ್ತು ತೇಯಬೇಕು. ಮೊದಲು ಬರೀ ಕೆಸರು ನೀರು, ಐದು ನಿಮಿಷಕ್ಕೆ ಕೆನೆಯಂಥ ಗಂಧ, ಮಾವಿನಕಾಯಿಯ ಮಂದ ವಾಸನೆ. ರಕ್ತಚಂದನಕ್ಕೆ ವಾಸನೆಯೇ ಇಲ್ಲ, ಬಣ್ಣ ಮಾತ್ರ. ಒಂದು ಚಮಚ ಲೇಪಕ್ಕೆ ಹತ್ತು ನಿಮಿಷ ತೇಯಬೇಕು, ರಟ್ಟೆ ಸೋಲುತ್ತದೆ. ಮೊದಲು ಮೊಣಕೈ ಒಳಗೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾದೆ, ಸುಣ್ಣ ಕಲಿಸಿದ ಪಾಠ. ತುರಿಕೆ ಬರಲಿಲ್ಲ. ಆಮೇಲೆ ಲೇಪವನ್ನು ಉಗುರುಬೆಚ್ಚಗೆ ಮಾಡಿ, ಗುಳ್ಳೆಯ ಜಾಗ ಬಿಟ್ಟು, ತಿಕ್ಕದೆ ಸವರಿದೆ. ಒಣಗಿ ಬಿಗಿಯಾಗುತ್ತಲೇ ತೊಳೆದೆ. ದಿನಕ್ಕೆ ಎರಡು ಸಲ. ಬಿಗಿತ ಇಳಿದದ್ದು ನಿಜ, ರಾತ್ರಿ ನಿದ್ದೆ ಬಂತು.

ಅಷ್ಟರಲ್ಲಿ ನೀಲಿ ಕೆಳಗಿಳಿದು ಪಾದದ ಗಂಟಿನ ಬಳಿ ಕಾಣಿಸಿಕೊಂಡಿತು. ಅಲ್ಲಿ ಏಟೇ ಬಿದ್ದಿರಲಿಲ್ಲ, ಹೆದರಿದೆ. ನಮ್ಮ ಡಾಕ್ಟರಿಗೆ ತೋರಿಸಿದರೆ ಒತ್ತಿ ನೋಡಿ, ಒಂದು ಕಾಲಿನ ಮೇಲೆ ನಿಲ್ಲಿಸಿ, “ಸೋರಿದ ರಕ್ತ ಇಳಿಜಾರಿಗೆ ಇಳಿದಿದೆ, ಅಷ್ಟೇ” ಅಂದರು. ಕಾಲು ಊರಲಾಗದಿದ್ದರೆ, ಬೆರಳು ಜೋಮು ಹಿಡಿದಿದ್ದರೆ, ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅವತ್ತೇ ಬರಬೇಕಿತ್ತು ಅಂತಲೂ ಹೇಳಿದರು. ಬಣ್ಣದ ಲೆಕ್ಕವನ್ನೂ ಅವರೇ ಬಿಡಿಸಿದರು. ರಕ್ತದ ಹಿಮೋಗ್ಲೋಬಿನ್ ಒಡೆಯುತ್ತಾ ಹೋದಂತೆ ನೇರಳೆ ಹಸಿರಾಗುತ್ತದೆ, ಹಸಿರು ಹಳದಿಯಾಗುತ್ತದೆ. ನಾನು ನಕ್ಕುಬಿಟ್ಟೆ. ದಿನವೂ ಹಳದಿ ಬಣ್ಣದ ಲೇಪ ಹಚ್ಚಿಕೊಂಡವಳಿಗೆ ತನ್ನ ಕಾಲಿನ ಹಳದಿ ಯಾವುದು, ಗಡ್ಡೆಯದು ಯಾವುದು ಅಂತ ಹೇಗೆ ತಿಳಿಯಬೇಕು?

ಒಳಗೆ ರಕ್ತ ಸೋರುವುದು ನಿಂತು ದಿನಗಳಾಗಿದ್ದರಿಂದ ಕೊನೆಗೆ ಮಾಡಿದ್ದು ಲಕ್ಕಿ ಸೊಪ್ಪಿನ ಶಾಖ. ನಮ್ಮ ಮನೆ ಇರುವುದು ಪುಣೆಯ ನಿಗಡಿ ಬಡಾವಣೆಯಲ್ಲಿ. ಲಕ್ಕಿಗೆ ಮರಾಠಿಯಲ್ಲಿ ನಿರ್ಗುಡಿ, ನಿಗಡಿ ಅಂತಲೇ ಹೆಸರೆಂದು ಕಾಕು ಹೇಳುವವರೆಗೆ, ಹನ್ನೊಂದು ವರ್ಷ, ಹೊಳೆದಿರಲಿಲ್ಲ. ಬಾಣಂತಿತನದಲ್ಲಿ ಅವ್ವ ಇದೇ ಸೊಪ್ಪಿನ ನೀರು ಹಾಕಿದ್ದಳು. ಮೂರೋ ಐದೋ ಬೆರಳಿನ ಎಲೆ, ಹಿಂಬದಿ ಬೂದಿ ಬಣ್ಣ, ಹಿಸುಕಿದರೆ ಮೂಗಿಗೆ ಹೊಡೆಯುವ ವಾಸನೆ. ಎರಡು ಹಿಡಿ ಸೊಪ್ಪು ಕುದಿಸಿ, ಆ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಡುತ್ತಿದ್ದೆ. ಗಂಟುಗಂಟಾಗಿದ್ದ ಜಾಗ ಮೆತ್ತಗಾಯಿತು. ಸೊಪ್ಪಿನಿಂದಲೋ ಬರೀ ಬಿಸಿಯಿಂದಲೋ, ನಾನು ಆಣೆ ಹಾಕಲಾರೆ. ಇಂಥ ಪೆಟ್ಟು ಏನೂ ಹಚ್ಚದಿದ್ದರೂ ಎರಡು ವಾರಕ್ಕೆ ಮಾಯುವಂಥದ್ದೇ. ನನ್ನ ಕಾಲಿಗೆ ಹೆಚ್ಚು ಉಪಕಾರ ಮಾಡಿದ್ದು ಬಟಾಣಿ ಪೊಟ್ಟಣವೇ ಇರಬೇಕು. ಏಟಿನ ಕಲೆ 16 ದಿನಕ್ಕೆ ಹೋಯಿತು, ಸುಣ್ಣದ ನಾಲ್ಕು ಚುಕ್ಕೆ ದೀಪಾವಳಿವರೆಗೂ ಇದ್ದವು.

ದೀಪಾವಳಿ ಆದಮೇಲೆ ಅತ್ತೆಯವರ ತೋಳಿನ ಮೇಲೆ ಏಟೇ ಬೀಳದೆ ಎರಡು ಕಡೆ ನೀಲಿಗಟ್ಟಿತು. “ನಿನ್ನ ಆಂಬೆಹಳದ ತಾ ಇಲ್ಲಿ” ಅಂದರು. ನಾನು ಕೊಡಲಿಲ್ಲ. ಅವರು ಹೃದಯಕ್ಕೆಂದು ರಕ್ತ ತೆಳುವಾಗಿಸುವ ವಾರ್ಫರಿನ್ ಗುಳಿಗೆ ತಗೊಳ್ಳುವವರು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಿ ಗುಳಿಗೆಯ ಪ್ರಮಾಣ ಇಳಿಸಿದರು. ಲೇಪ ಹಚ್ಚಲಿಲ್ಲವೆಂದು ಅತ್ತೆಯವರಿಗೆ ನನ್ನ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ.