ತಾರಸಿಗೆ ನೆರಳಿನ ಹಾಯಿ: ಬಟ್ಟೆಗಿಂತ ಮೊದಲು ಮೂಲೆಗಳನ್ನು ನೋಡಿ

ಮಾರ್ಚ್ ಬಂತೆಂದರೆ ಬೆಂಗಳೂರಿನ ತಾರಸಿಗಳ ಮೇಲೆ ನೆರಳಿನ ಬಟ್ಟೆಗಳು ಏಳುತ್ತವೆ. ಏಪ್ರಿಲ್ ಕೊನೆಯ ಒಂದೆರಡು ಸಂಜೆಗಳ ಮಳೆಗಾಳಿ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಹಲವು ಪಕ್ಕದ ಮನೆಯ ಮರದಲ್ಲೋ ವಿದ್ಯುತ್ ತಂತಿಯ ಮೇಲೋ ನೇತಾಡುತ್ತಿರುತ್ತವೆ. ಕಳೆದ ಬೇಸಗೆಯಲ್ಲಿ ನಮ್ಮ ಬೀದಿಯ ಒಂದು ಮನೆಯಲ್ಲಿ ಬಟ್ಟೆ ಹರಿಯಲಿಲ್ಲ, ಹಗ್ಗವೂ ತುಂಡಾಗಲಿಲ್ಲ. ಕೊಕ್ಕೆ ಹಾಕಿದ್ದ ಪ್ಯಾರಪೆಟ್ ಗೋಡೆಯೇ ನಾಲ್ಕು ಬ್ಲಾಕುಗಳ ಸಮೇತ ಕಿತ್ತು ಗಲ್ಲಿಗೆ ಬಿತ್ತು. ಆಗ ಕೆಳಗೆ ಯಾರೂ ಇರಲಿಲ್ಲ ಎಂಬುದೊಂದೇ ಸಮಾಧಾನ. ಆ ಕೆಲಸ ಮಾಡಿಕೊಟ್ಟವರು ಬಟ್ಟೆಯ ಗುಣಮಟ್ಟದ ಬಗ್ಗೆ ಅರ್ಧ ಗಂಟೆ ಮಾತನಾಡಿದ್ದರು, ಗೋಡೆಯ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ.

ನಾಲ್ಕು ಮೂಲೆಗಳಿಂದ ಬಿಗಿದು ಕಟ್ಟಿದ ಬಟ್ಟೆ ಚಾವಣಿಯಲ್ಲ, ಹಾಯಿ. ಹಲಸೂರು ಕೆರೆಯಲ್ಲಿ ಸೇನೆಯವರು ಹಾಯಿದೋಣಿ ಅಭ್ಯಾಸ ಮಾಡುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಗಾಳಿ ಜೋರಾದರೆ ದೋಣಿಯಲ್ಲಿರುವವನು ಹಗ್ಗ ಸಡಿಲಿಸಿ ಹಾಯಿಯಿಂದ ಗಾಳಿಯನ್ನು ಹೊರಗೆ ಬಿಡುತ್ತಾನೆ. ತಾರಸಿಯ ಹಾಯಿಗೆ ಆ ದಾರಿಯಿಲ್ಲ. ಬಂದ ಗಾಳಿಯ ಒತ್ತಡವೆಲ್ಲ ನಾಲ್ಕು ಮೂಲೆಗಳಿಗೇ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಗೆ 4 ಮೀಟರ್ ಉದ್ದ, 4 ಮೀಟರ್ ಅಗಲದ ಬಟ್ಟೆಯ ಮೇಲೆ ಸುಮಾರು 270 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಕಟ್ಟಡಗಳ ಗಾಳಿಯ ಹೊರೆಗೆ ಸಂಬಂಧಿಸಿದ ಐಎಸ್ 875 ಮಾನದಂಡದಲ್ಲಿ ಬೆಂಗಳೂರಿಗೆ ಗುರುತಿಸಿರುವ ಮೂಲ ವೇಗ (ಲೆಕ್ಕಕ್ಕೆ ಆಧಾರವಾಗಿ ಹಿಡಿಯುವ ಗಾಳಿಯ ವೇಗ) ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗಕ್ಕೆ ಅದೇ ಬಟ್ಟೆಯ ಮೇಲಿನ ಒತ್ತಡ ಒಂದು ಟನ್ ದಾಟುತ್ತದೆ. ಬಟ್ಟೆ ಚಪ್ಪಟೆಯಾಗಿದ್ದಷ್ಟೂ ಮೂಲೆಗಳ ಮೇಲಿನ ಎಳೆತ ಇನ್ನೂ ಹೆಚ್ಚು.

ಜಾಗ ಮತ್ತು ಬಟ್ಟೆ

ಮಧ್ಯಾಹ್ನ 12 ಗಂಟೆಗೆ ನೆರಳು ನೋಡಿ ಜಾಗ ನಿರ್ಧರಿಸಬೇಡಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ಆ ಹೊತ್ತಿನಲ್ಲಿ ನೆರಳು ಬಟ್ಟೆಯ ನೇರ ಕೆಳಗೇ ಬೀಳುತ್ತದೆ, ಆದರೆ ನೀವು ಕುಳಿತುಕೊಳ್ಳುವ ನಾಲ್ಕು ಗಂಟೆಗೆ ಬಿಸಿಲು ಪಶ್ಚಿಮದಿಂದ ಬಟ್ಟೆಯ ಅಡಿಗೆ ನುಗ್ಗುತ್ತದೆ. ಹಳೆಯ ಸೀರೆಯೊಂದನ್ನು ಸಂಜೆಯ ಹೊತ್ತಿನಲ್ಲಿ ಹಿಡಿದು ನೋಡಿ. ಹಾಯಿಯ ಎರಡು ಮೂಲೆಗಳು ಎತ್ತರದಲ್ಲಿ, ಎರಡು ತಗ್ಗಿನಲ್ಲಿ ಇರಬೇಕು; ತಗ್ಗಿನ ಮೂಲೆಗಳಲ್ಲಿ ಒಂದಾದರೂ ಪಶ್ಚಿಮಕ್ಕಿರಲಿ. ಸೋಲಾರ್ ವಾಟರ್ ಹೀಟರ್ ಇದ್ದರೆ ಹಾಯಿ ಅದರ ಉತ್ತರಕ್ಕೆ ಬರಲಿ, ನಡುವೆ ಒಂದೂವರೆ ಮೀಟರ್ ಅಂತರವಿರಲಿ. ವಿದ್ಯುತ್ ತಂತಿ ತಾರಸಿಯ ಹತ್ತಿರ ಹಾದುಹೋಗಿದ್ದರೆ ಆ ಬದಿಯಲ್ಲಿ ಹಾಯಿ ಕಟ್ಟುವ ಯೋಚನೆಯನ್ನೇ ಬಿಡಿ.

ಬಟ್ಟೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಚದರ ಮೀಟರಿಗೆ 300 ಗ್ರಾಂಗೆ ಮೇಲ್ಪಟ್ಟ, ಗಟ್ಟಿ ಪ್ಲಾಸ್ಟಿಕ್ ಎಳೆಯಿಂದ ಹೆಣೆದ ಎಚ್‌ಡಿಪಿಇ ಬಟ್ಟೆಯನ್ನೇ ಕೊಳ್ಳಿ. ಅದರ ಕಣ್ಣುಗಳ ಮೂಲಕ ಗಾಳಿಯೂ ನೀರೂ ಸ್ವಲ್ಪ ಹಾದುಹೋಗುವುದರಿಂದ ಮೂಲೆಗಳಿಗೆ ಬಿಡುವು ಸಿಗುತ್ತದೆ. ನರ್ಸರಿಗೆ ಬಳಸುವ ತೆಳು ಹಸಿರು ಶೇಡ್ ನೆಟ್ ಗಿಡಗಳಿಗೆ ಸರಿ, ಬಿಗಿದು ಎಳೆಯುವ ಕೆಲಸಕ್ಕಲ್ಲ. ಅಂಚಿಗೆ ಅಲ್ಯೂಮಿನಿಯಂ ಬಳೆ ಕೂರಿಸಿದ ನೀಲಿ ಟಾರ್ಪಾಲನ್ನಂತೂ ಯಾರಿಗೂ ಶಿಫಾರಸು ಮಾಡಲಾರೆ. ಬಿಸಿಲಿಗೆ ಅದು ಬೇಗ ಪುಡಿಯಾಗುತ್ತದೆ, ಬಳೆಗಳು ಗಾಳಿಗೆ ಒಂದೊಂದಾಗಿ ಕಿತ್ತುಬರುತ್ತವೆ. ಮಳೆಯನ್ನೂ ತಡೆಯಬೇಕೆಂದರೆ ಪಿವಿಸಿ ಲೇಪಿತ ಪಾಲಿಯೆಸ್ಟರ್ ಬಟ್ಟೆ ಬೇಕು, ಅದಕ್ಕೆ ಇಳಿಜಾರು ಹೆಚ್ಚು ಬೇಕು, ಕಂಬ ಮತ್ತು ಬೋಲ್ಟುಗಳೂ ಹೆಚ್ಚು ಗಟ್ಟಿಯಾಗಿರಬೇಕು.

ಕೊಕ್ಕೆ ಎಲ್ಲಿ, ಹೇಗೆ

ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮ ಮನೆಗಳ ಪ್ಯಾರಪೆಟ್ ಸಾಮಾನ್ಯವಾಗಿ ನಾಲ್ಕು ಅಥವಾ ಆರು ಇಂಚಿನ ಸಾಲಿಡ್ ಬ್ಲಾಕಿನದು. ಸ್ಲ್ಯಾಬಿನ ಮೇಲೆ ಗಾರೆ ಹಾಕಿ ಕೂರಿಸಿದ್ದಷ್ಟೇ, ಕೆಳಗಿನ ಕಂಬಿಗೂ ಅದಕ್ಕೂ ಸಂಬಂಧವಿರುವುದಿಲ್ಲ. ಒರಗಿಕೊಂಡ ಮನುಷ್ಯನನ್ನು ಅದು ತಾಳುತ್ತದೆ, ಗಾಳಿ ಹಿಡಿದು ಜಗ್ಗುವ ಹಾಯಿಯನ್ನಲ್ಲ. ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೂ ಇದೇ ಮಾತು. ಮುಂದೆ ಇನ್ನೊಂದು ಮಹಡಿ ಏರಿಸುವ ಆಸೆಯಿಂದ ಬಿಟ್ಟಿರುವ ಪಿಲ್ಲರ್ ಕಂಬಿಗಳಿಗೆ ನೇರವಾಗಿ ಹಗ್ಗ ಬಿಗಿಯುವವರೂ ಇದ್ದಾರೆ. ಕಂಬಿ ಬಾಗುತ್ತದೆ, ಬುಡದ ಕಾಂಕ್ರೀಟ್ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ನೀರು ಕೆಳಗಿನ ಕೋಣೆಗೆ ಇಳಿಯುತ್ತದೆ. ಆದರೆ ಪಿಲ್ಲರ್ ಎಲ್ಲಿದೆ ಎಂದು ತೋರಿಸಿಕೊಡುವ ಗುರುತಾಗಿ ಆ ಕಂಬಿಗಳು ಬಹಳ ಉಪಯುಕ್ತ.

ಎತ್ತರದ ಮೂಲೆಗಳಿಗೆ ನನ್ನ ಮೊದಲ ಆಯ್ಕೆ ಮೆಟ್ಟಿಲ ಕೋಣೆಯ ಕಾಂಕ್ರೀಟ್ ಪಿಲ್ಲರ್. ಗಾರೆ ಬಳಿದ ಗೋಡೆಯಲ್ಲಿ ಪಿಲ್ಲರ್ ಯಾವುದು, ಬ್ಲಾಕ್ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಮನೆಯ ನಕ್ಷೆ ನೋಡಿ, ನಂತರ 6 ಮಿ.ಮೀ. ಬಿಟ್‌ನಿಂದ ಒಂದು ಸಣ್ಣ ತೂತು ಕೊರೆದು ಪರೀಕ್ಷಿಸಿ. ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಪುಡಿ ಬಂದು ಬಿಟ್ ಸರಾಗವಾಗಿ ಒಳಗಿಳಿದರೆ ಬ್ಲಾಕ್. ಬೂದು ಪುಡಿಯೇ ಬಂದು, ಡ್ರಿಲ್ ಜಲ್ಲಿಗೆ ತಾಗಿ ತಡೆತಡೆದು ಸಾಗಿದರೆ ಮಾತ್ರ ಕಾಂಕ್ರೀಟ್ ಎಂದು ತಿಳಿಯಿರಿ.

ಬಡಿದು ಬಿಗಿಯುವ ಸಾಮಾನ್ಯ ಆ್ಯಂಕರ್ ಬೋಲ್ಟ್ ಬೇಡ, ಕೆಮಿಕಲ್ ಆ್ಯಂಕರ್, ಅಂದರೆ ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್, ಹಾಕಿಸಿ. ಮೊದಲನೆಯದು ಕಾಂಕ್ರೀಟನ್ನು ಒಳಗಿನಿಂದ ಹಿಗ್ಗಿಸಿ ಹಿಡಿಯುತ್ತದೆ; ಅಂಚಿಗೆ ಹತ್ತಿರವಿದ್ದರೆ ಸಿಡಿಸುತ್ತದೆ, ಬಟ್ಟೆ ದಿನವೂ ಅಲುಗಾಡುತ್ತಿದ್ದರೆ ಸಡಿಲವಾಗುತ್ತದೆ. 12 ಮಿ.ಮೀ. ಬೋಲ್ಟಿಗೆ 14 ಮಿ.ಮೀ. ತೂತು, ಗಾರೆಯ ದಪ್ಪ ಬಿಟ್ಟು ಕಾಂಕ್ರೀಟಿನೊಳಗೆ 110 ಮಿ.ಮೀ. ಆಳ, ಪಿಲ್ಲರಿನ ಅಂಚಿನಿಂದ ಕನಿಷ್ಠ 10 ಸೆಂ.ಮೀ. ದೂರ. ಕೊರೆಯುವಾಗ ಬಿಟ್ ಕಂಬಿಗೆ ತಾಗಿದರೆ ನಿಲ್ಲಿಸಿ ಜಾಗ ಬದಲಿಸಿ. ಕಂಬಿಯನ್ನು ಕತ್ತರಿಸಿ ಮುಂದೆ ಹೋಗುತ್ತೇನೆನ್ನುವ ಕೆಲಸಗಾರನನ್ನು ಅಲ್ಲಿಯೇ ತಡೆಯಿರಿ. ತೂತಿನೊಳಗಿನ ಧೂಳನ್ನು ಪಂಪಿನಿಂದ ಊದಿ, ತಂತಿ ಬ್ರಷ್ ಆಡಿಸಿ, ಮತ್ತೆ ಊದಿ, ಮತ್ತೆ ಬ್ರಷ್ ಆಡಿಸಿ, ಕೊನೆಗೊಮ್ಮೆ ಊದಬೇಕು. ಧೂಳು ಉಳಿದರೆ ಅಂಟು ಕಾಂಕ್ರೀಟನ್ನು ಹಿಡಿಯದೆ ಧೂಳನ್ನೇ ಹಿಡಿಯುತ್ತದೆ, ಬೋಲ್ಟ್ ಮೊದಲ ಗಾಳಿಗೇ ಸಲೀಸಾಗಿ ಹೊರಬರುತ್ತದೆ. ಎರಡು ನಿಮಿಷದ ಈ ಕೆಲಸವನ್ನು ಬಿಟ್ಟುಬಿಡುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ಆದ್ದರಿಂದ ಪಕ್ಕದಲ್ಲಿಯೇ ನಿಂತು ಮಾಡಿಸಿ. ಅಂಟನ್ನು ತಳದಿಂದ ತುಂಬುತ್ತಾ ಬಂದು, ಬೋಲ್ಟನ್ನು ತಿರುಗಿಸುತ್ತಾ ಒಳಗೆ ತಳ್ಳಬೇಕು. ಪೊಟ್ಟಣದ ಮೇಲೆ ಎಷ್ಟೇ ಕಡಿಮೆ ಸಮಯ ಬರೆದಿರಲಿ, ಮರುದಿನದವರೆಗೆ ಅದನ್ನು ಮುಟ್ಟಬೇಡಿ.

ಪಿಲ್ಲರ್ ಸಿಗದ ಕಡೆ ಉಕ್ಕಿನ ಕಂಬ ನಿಲ್ಲಿಸಬೇಕಾಗುತ್ತದೆ. ಬರಿಯ ಮೂರು ಇಂಚಿನ ಪೈಪು ಎರಡೂವರೆ ಮೀಟರ್ ಎತ್ತರದಲ್ಲಿ 300 ಕಿಲೋ ಎಳೆತಕ್ಕೆ ಬಾಗಿಹೋಗುತ್ತದೆ. ಹಾಯಿದೋಣಿಯ ಕಂಬಕ್ಕೆ ಇರುವಂತೆಯೇ ಇದಕ್ಕೂ ಹಿಂದಿನಿಂದ ಜಗ್ಗಿ ಹಿಡಿಯುವ ಉಕ್ಕಿನ ಹಗ್ಗ ಬೇಕು, ಆ ಹಗ್ಗದ ಬುಡವೂ ಪಿಲ್ಲರಿಗೋ ತೊಲೆಗೋ ಸೇರಬೇಕು. ಈ ಭಾಗವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಮಾಡಬೇಡಿ. ಸ್ಲ್ಯಾಬಿನ ನಡುವೆ ಕೊರೆದು ವಾಟರ್‌ಪ್ರೂಫಿಂಗ್ ಹಾಳುಮಾಡುವುದಂತೂ ಖಂಡಿತ ಬೇಡ.

ಅಳತೆ

ಕೊಕ್ಕೆಗಳು ಕೂತ ಮೇಲೆಯೇ ಅಳತೆ ತೆಗೆಯಿರಿ. ನಾಲ್ಕು ಬದಿಗಳ ಜೊತೆಗೆ ಎರಡೂ ಕರ್ಣಗಳ ಅಳತೆ ಬೇಕು. ಬದಿಗಳಷ್ಟರಿಂದಲೇ ಚತುರ್ಭುಜದ ಆಕಾರ ನಿಶ್ಚಯವಾಗುವುದಿಲ್ಲ. ಕೊಕ್ಕೆಯಿಂದ ಕೊಕ್ಕೆಗೆ 5 ಮೀಟರ್ ಇದ್ದರೆ ಬಟ್ಟೆಯ ಬದಿ ನಾಲ್ಕೂವರೆ ಮೀಟರ್ ಸಾಕು, ಉಳಿದದ್ದು ಬಿಗಿಯುವ ಸಾಮಾನಿಗೆ ಮತ್ತು ಬಟ್ಟೆ ಹಿಗ್ಗುವುದಕ್ಕೆ. ಅಂಚುಗಳನ್ನು ನೇರವಾಗಿ ಕತ್ತರಿಸದೆ, ನಡುವಿನಲ್ಲಿ 25ರಿಂದ 40 ಸೆಂ.ಮೀ. ಒಳಕ್ಕೆ ಬಾಗಿಸಿ ಕತ್ತರಿಸಲು ಹೇಳಿ. ನೇರ ಅಂಚು ಎಷ್ಟು ಎಳೆದರೂ ಜೋಲುತ್ತದೆ, ಪಟಪಟನೆ ಬಡಿದುಕೊಳ್ಳುತ್ತದೆ. ಕರ್ಣದ ಎದುರುಬದುರಿನ ಎರಡು ಮೂಲೆಗಳು ಎತ್ತರದಲ್ಲಿ, ಉಳಿದೆರಡು ಕನಿಷ್ಠ ಒಂದು ಮೀಟರ್ ತಗ್ಗಿನಲ್ಲಿರಲಿ. ಆಗ ಬಟ್ಟೆ ತಿರುಚಿಕೊಂಡು ಬಿಗಿಯಾಗಿ ನಿಲ್ಲುತ್ತದೆ, ನೀರೂ ಇಳಿದುಹೋಗುತ್ತದೆ. ಚಪ್ಪಟೆ ಕಟ್ಟಿದ ಪಿವಿಸಿ ಬಟ್ಟೆಯ ನಡುವೆ ನಾಲ್ಕು ಚದರ ಮೀಟರಿನಷ್ಟು ಜಾಗದಲ್ಲಿ ಒಂದು ಇಂಚು ನೀರು ನಿಂತರೆ ಅದೇ ನೂರು ಕಿಲೋ.

ಬಿಗಿಯುವುದು

ಸಾಮಾನುಗಳೆಲ್ಲ ಎಸ್‌.ಪಿ. ರಸ್ತೆಯ ಸುತ್ತಮುತ್ತ ಸಿಗುತ್ತವೆ. ಐ ಬೋಲ್ಟಿನ, ಅಂದರೆ ತುದಿಯಲ್ಲಿ ಬಳೆಯಿರುವ ಬೋಲ್ಟಿನ, ಬಳೆ ಪೂರ್ತಿ ಮುಚ್ಚಿರಬೇಕು. ಸರಳನ್ನು ಬಾಗಿಸಿ ಮಾಡಿದ ತೆರೆದ ಬಳೆ ಎಳೆತಕ್ಕೆ ನೆಟ್ಟಗಾಗುತ್ತದೆ. ಟರ್ನ್‌ಬಕಲ್ (ತಿರುಗಿಸಿ ಉದ್ದ ಕಡಿಮೆ ಮಾಡಿ ಎಳೆದು ಬಿಗಿಯುವ ಸಾಧನ) ಕೂಡ ಕೊಕ್ಕೆಯದು ಬೇಡ, ಪಿನ್ನು ಹಾಕುವಂಥದ್ದನ್ನು ಕೇಳಿ ತನ್ನಿ. ಬೆಂಗಳೂರಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. 316ಕ್ಕೆ ಹೆಚ್ಚು ಹಣ ಕೊಡುವುದು ಉಪ್ಪುಗಾಳಿಯ ಮಂಗಳೂರು, ಕಾರವಾರದವರಿಗೆ ಸರಿ.

ಟರ್ನ್‌ಬಕಲ್‌ಗಳನ್ನು ಪೂರ್ತಿ ಬಿಚ್ಚಿ ಉದ್ದವಾಗಿಸಿ ನಾಲ್ಕೂ ಮೂಲೆಗಳನ್ನು ಸಿಕ್ಕಿಸಿ, ನಂತರ ಎದುರುಬದುರು ಮೂಲೆಗಳನ್ನು ಸರದಿಯಂತೆ ಐದಾರು ಸುತ್ತು ಬಿಗಿಯುತ್ತಾ ಬನ್ನಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಸುಕ್ಕುಗಳು ಕೊನೆಯವರೆಗೂ ಹೋಗುವುದಿಲ್ಲ. ಎಚ್‌ಡಿಪಿಇ ಬಟ್ಟೆ ಮೊದಲ ವಾರಗಳಲ್ಲಿ ಹಿಗ್ಗುತ್ತದೆ, ಆದ್ದರಿಂದ ಹದಿನೈದು ದಿನಗಳ ನಂತರ ಇನ್ನೊಮ್ಮೆ ಬಿಗಿಯಿರಿ, ಆಮೇಲೆ ಟರ್ನ್‌ಬಕಲ್ ತಾನಾಗಿ ತಿರುಗದಂತೆ ಅದರ ನಡುವೆ ತಂತಿ ಹಾಯಿಸಿ ಕಟ್ಟಿ. ಊರಿಗೆ ಹೋಗುವಾಗ, ಅದರಲ್ಲೂ ಏಪ್ರಿಲ್, ಮೇ ತಿಂಗಳುಗಳಲ್ಲಿ, ಹಾಯಿಯನ್ನು ಬಿಚ್ಚಿ, ಚೆನ್ನಾಗಿ ಒಣಗಿಸಿ ಮಡಚಿಟ್ಟು ಹೋಗಿ.